ಡಚ್ ಓವನ್ನೂ ಎಮರಿ ಪೇಪರೂ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ. ಒಮ್ಮೆ ಪೆನ್ನು ಸರಿಯಿಲ್ಲ, ಒಮ್ಮೆ ಕನ್ನಡಕ ಸರಿಯಿಲ್ಲ. ನಿಜ ಹೇಳಬೇಕೆಂದರೆ ಸರಿಯಿಲ್ಲದವನು ನಾನೇ. ತಪ್ಪು ಮಾಡುವುದಕ್ಕೆ ನನಗೆ ಅರ್ಧ ಗಂಟೆ ಸಾಕಾಯಿತು, ಒಪ್ಪಿಕೊಳ್ಳುವುದಕ್ಕೆ ನಲವತ್ತೈದು ವರ್ಷವೂ ಸಾಲಲಿಲ್ಲ. ಈಗ ಸ್ವಲ್ಪ ಧೈರ್ಯ ಬಂದಿದ್ದರೆ ಅದು ಒಂದು ಡಚ್ ಓವನ್ನಿನಿಂದ.

ಹೆಸರು ಕೇಳಿ ಹೆದರಬೇಡಿ. ಓವನ್ ಅಂದರೂ ಅದಕ್ಕೆ ಕರೆಂಟಿಲ್ಲ, ವೈರಿಲ್ಲ. ದಪ್ಪನೆಯ ಎರಕದ ಕಬ್ಬಿಣದ ಪಾತ್ರೆ, ಮೇಲೊಂದು ಭಾರದ ಮುಚ್ಚಳ, ಅಷ್ಟೆ. ಮೊಬೈಲಿನಲ್ಲಿ ಯಾರೋ ವಿದೇಶದ ಅಜ್ಜ ಆ ಮುಚ್ಚಳದ ಮೇಲೆ ಕೆಂಡ ಹರಡಿ ಅಡುಗೆ ಮಾಡುವುದನ್ನು ನೋಡಿದ್ದೇ ತಡ, ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. "ಲೇ, ಬಾರೇ ಇಲ್ಲಿ! ಇದು ನಮ್ಮ ಅತ್ತಿಗೆ ಪಾತ್ರೆ ಕಣೇ!" ಹೆಂಡತಿ ಬಂದು ನೋಡಿ, "ಇವ್ನು ಯಾವಾಗ ಹೊತ್ಕೊಂಡು ಹೋದ?" ಅಂದಳು.

ಅತ್ತಿಗೆಯೆಂದರೆ ನಮ್ಮಣ್ಣನ ಹೆಂಡತಿ. ನಾವೆಲ್ಲ ಕೃಷ್ಣಮೂರ್ತಿಪುರಂನಲ್ಲಿ ಒಟ್ಟಿಗಿದ್ದಾಗ ಆಕೆಯ ಬಳಿ ಅಂಥದ್ದೇ ಪಾತ್ರೆಯಿತ್ತು, ತವರಿನಿಂದ ತಂದದ್ದು. ಎಣ್ಣೆ ಕುಡಿದು ಕುಡಿದು ಕಾಡಿಗೆಯ ಹಾಗಾಗಿತ್ತು; ಆ ಕಪ್ಪು ಪದರದಿಂದಲೇ ಏನೂ ತಳ ಹಿಡಿಯುತ್ತಿರಲಿಲ್ಲ. ಬದನೆಕಾಯಿಗೆ ಮಸಾಲೆ ತುಂಬಿ ಅದರಲ್ಲಿ ಜೋಡಿಸಿ, ಮುಚ್ಚಳದ ಮೇಲೆ ಕೆಂಡ ಹಾಕಿದರೆ, ಆ ಎಣ್ಣೆಗಾಯಿಯ ಘಮಕ್ಕೆ ಪಕ್ಕದ ಮನೆಯವರು ಸಕ್ಕರೆ ಕೇಳುವ ನೆಪದಲ್ಲಿ ಬರುತ್ತಿದ್ದರು.

ನಾನಾಗ ಕಾರ್ಖಾನೆಯೊಂದರಲ್ಲಿ ಹೊಸ ಫಿಟ್ಟರ್. ಓದಿದ್ದು ಹೈಸ್ಕೂಲು, ಜಂಬ ಮಾತ್ರ ಇಂಜಿನಿಯರನದು. ಆಯುಧಪೂಜೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಸುತ್ತಿಗೆ, ಸ್ಪ್ಯಾನರು, ಈಳಿಗೆಮಣೆ ಎಲ್ಲ ಉಜ್ಜಿದೆ. ಕೈ ಅಲ್ಲಿಗೆ ನಿಲ್ಲಲಿಲ್ಲ. ಅತ್ತಿಗೆಯ ಪಾತ್ರೆಯನ್ನೂ ಎಳೆದುಕೊಂಡು, ತುಕ್ಕು ತಿಕ್ಕುವ ಎಮರಿ ಪೇಪರಿನಿಂದ ಬೆಳ್ಳಿಯಂತೆ ಹೊಳೆಯುವ ತನಕ ತಿಕ್ಕಿ, ವಿಭೂತಿ ಬಳಿದು ಸಾಲಿನಲ್ಲಿಟ್ಟೆ. "ನಿಮ್ಮತ್ತಿಗೆ ಹೆಂಗೆ ಬೆಳಗಿದ್ದಾಳೆ ನೋಡೋ!" ಎಂದು ಅಣ್ಣ ಹಿಗ್ಗಿದ. ಹೊಗಳಿಕೆ ಆಕೆಗೇ ಸಲ್ಲಲಿ ಎಂದು ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ.

ಮಾರನೇ ದಿನ ವಿಜಯದಶಮಿ, ಮನೆ ತುಂಬ ನೆಂಟರು. ಅತ್ತಿಗೆ ಎಷ್ಟು ಎಣ್ಣೆ ಸವರಿದರೂ ಬದನೆಕಾಯಿ ತಳ ಹಿಡಿಯಿತು, ಮಸಾಲೆಗೆ ಮೊಳೆ ಚೀಪಿದ ರುಚಿ ಬಂತು. "ಯಾವ ಪಾತ್ರೆ ಉಜ್ಜಬಾರದು ಅನ್ನೋದೂ ಗೊತ್ತಿಲ್ವೇನೇ ನಿಂಗೆ?" ಎಂದು ಅಣ್ಣ ಎಲ್ಲರೆದುರೇ ಗದರಿದ. ನೆಂಟರು ನಕ್ಕರು. ನಾನೂ ನಕ್ಕೆ. ಈಗಲೂ ಚುಚ್ಚುವುದು ಆ ನಗೆಯೇ. ಅತ್ತಿಗೆ ಮತ್ತೆ ಎಣ್ಣೆಗಾಯಿ ಮಾಡಲಿಲ್ಲ. ಪಾತ್ರೆ ಹಿತ್ತಲಲ್ಲಿ ಇದ್ದಿಲು ತುಂಬಿಡಲು ಹೋಯಿತು.

ಅಂಥದ್ದೇ ಒಂದನ್ನು ಕೊಟ್ಟು ಕ್ಷಮೆ ಕೇಳಿಯೇಬಿಡುವುದೆಂದು ನಿಶ್ಚಯಿಸಿದೆ ನೋಡಿ, ಹದಿನೈದು ದಿನ ನನಗೆ ಮದುವೆ ಗಂಡಿನ ಹುರುಪು! ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಫೀಲರ್ ಗೇಜು, ಅದೇ, ಸಂದು ಅಳೆಯುವ ತೆಳು ತಗಡುಗಳು. ಒಂದೊಂದು ಮುಚ್ಚಳದ ಸಂದಿಗೂ ತೂರಿಸಿ ನೋಡಿದೆ. "ಪಾತ್ರೆ ಸಾರ್ ಇದು, ಇಂಜಿನ್ ಅಲ್ಲ" ಎಂದ ಅಂಗಡಿಯವನು. ಕೆಂಪು, ನೀಲಿ ಬಣ್ಣದ ಎನಾಮಲ್ ಬಳಿದ ಪಾತ್ರೆಗಳನ್ನು ತೋರಿಸಿ, "ಇದೇ ತಗೊಳಿ, ಹೆಂಗ್ ಬೇಕಾದ್ರೂ ತೊಳೀಬೋದು. ಬರೀ ಕಬ್ಬಿಣದ್ದಾದ್ರೆ ನೀವೇ ಎಣ್ಣೆ ಕಾಯಿಸಿ ಪಳಗಿಸ್ಬೇಕು" ಎಂದ. ಎಂಥ ಆಸೆ ಹುಟ್ಟಿತು ಗೊತ್ತೇ ಆ ನೀಲಿಯದರ ಮೇಲೆ! ಆದರೆ ಉಜ್ಜಿ ಹಾಳು ಮಾಡಿದವನೇ ಪಳಗಿಸುವುದು ನ್ಯಾಯ. ಬರೀ ಕಬ್ಬಿಣದ್ದನ್ನೇ ಆರಿಸಿದೆ. ಕೆಂಡ ಜಾರದಂತೆ ಅಂಚು ಎತ್ತಿದ ಚಪ್ಪಟೆ ಮುಚ್ಚಳ. ಗಾತ್ರ ಚಿಕ್ಕದು, ಅತ್ತಿಗೆಯ ಎಂಬತ್ತರ ಕೈಗಳು ಎತ್ತಬೇಕಲ್ಲ.

ಎಂಟು ದಿನ ಎಣ್ಣೆ ಸವರಿದೆ, ಕಾಯಿಸಿದೆ, ಆರಿಸಿದೆ, ಮತ್ತೆ ಸವರಿದೆ. ಮನೆಯೆಲ್ಲ ಹೊಗೆ. "ಕ್ಷಮಿಸಿ ಅಂತ ಒಂದು ಮಾತು ಹೇಳಿದ್ರೆ ಇಷ್ಟು ಎಣ್ಣೆ ಉಳೀತಿತ್ತು ಕಣ್ರೀ" ಎಂದು ಹೆಂಡತಿ ಕೆಮ್ಮಿದಳು. ಒಂಬತ್ತನೇ ದಿನ ಪಾತ್ರೆ ಕಾಡಿಗೆಯಾಯಿತು. ನಾನು ಅಡುಗೆಮನೆಯಲ್ಲೇ ಚಪ್ಪಾಳೆ ತಟ್ಟಿದೆ.

ಅತ್ತಿಗೆ ಈಗ ಕುಂಬಾರಕೊಪ್ಪಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಆಟೋದಲ್ಲಿ ಪಾತ್ರೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ "ಅತ್ತಿಗೆ, ಅವತ್ತು ಉಜ್ಜಿದ್ದು ನಾನು" ಎಂದು ಬಾಯಿಪಾಠ ಮಾಡಿಕೊಂಡೇ ಹೋದೆ. ಆಕೆ ಮುಚ್ಚಳ ತೆಗೆದು, ಒಳಗೆಲ್ಲ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದರು. ನಾನು ಬಾಯಿ ತೆರೆದೆ.

"ಚೆನ್ನಾಗಿ ಪಳಗೈತೆ ಕಣಪ್ಪ ಮಾದೇವ," ಎಂದರು ಅತ್ತಿಗೆ. "ಎಮರಿ ಪೇಪರೆಲ್ಲ ಖಾಲಿ ಆಯ್ತಾ, ಇನ್ನೂ ಮಡಗಿದ್ದೀಯೋ?"

"ಬದ್ನೆಕಾಯಿ ತಂದಿದ್ದೀಯಾ, ಬರೀ ಪಾತ್ರೆನೋ?" ಎಂದು ಆಕೆ ಎದ್ದರು. ನಾನು ಮಾರುಕಟ್ಟೆಗೆ ಓಡಿದೆ. ಮಧ್ಯಾಹ್ನ ನಾಲ್ಕು ಎಣ್ಣೆಗಾಯಿ ತಿಂದೆ. ಬಾಯಿ ತುಂಬಿದಾಗ ಮಾತಾಡಬಾರದಲ್ಲ, ಮಾತಾಡಲಿಲ್ಲ. ಕೈ ತೊಳೆದ ಮೇಲೆ ಆಟೋ ಬಂತು. ಹೀಗೆ, ಎಲ್ಲ ಗೊತ್ತಿದ್ದೂ ಬಡಿಸಿದವರಿಗೆ ನಾನು ಇನ್ನೂ ಕ್ಷಮೆ ಕೇಳಿಲ್ಲ. ನಿಮ್ಮೆದುರು ಆಕೆಯ ಹೆಸರಾದರೂ ಹೇಳುತ್ತೇನೆ: ಶಿವನಂಜಮ್ಮ.