ಕೆಮ್ಮಣ್ಣನ ಮೂಗಿನ ಗಾಳಿ

ಸೀನಿದ್ದು ಒಂದೇ ಒಂದು ಸಲ. ಆದರೆ ಸೀನಿದ್ದು ಯಾರದೋ ಮದುವೆ ಕೋಟಿನ ಮೇಲೆ. ಹೊಲಿಗೆ ಅಂಗಡಿಯ ಯಜಮಾನರು ಅಷ್ಟಕ್ಕೇ ಕೆಮ್ಮಣ್ಣನ ಮಿಷನ್ನು ಎತ್ತಿಸಿ, ಬಾಗಿಲಾಚೆ ಮೆಟ್ಟಿಲ ಪಕ್ಕದಲ್ಲಿ ಇಡಿಸಿಬಿಟ್ಟರು.

ಕೆಮ್ಮಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಹುಟ್ಟಿದಂದಿನಿಂದ ಬಿಡದ ಕೆಮ್ಮು ನೆಗಡಿ ಸಂಪಾದಿಸಿಕೊಟ್ಟದ್ದು. ಮೆಟ್ಟಿಲ ಬಳಿ ಫ್ಯಾನಿಲ್ಲ, ಬೆಳಕಿಲ್ಲ. ಹಾಳಾಗಿ ಹೋಗಲಿ. ಒಳಗೆ ಎಲ್ಲರೂ ಗೊಳ್ಳೆಂದು ನಕ್ಕಾಗ ಯಾಕೆ ನಕ್ಕರೆಂದು ಗೊತ್ತಾಗುವುದಿಲ್ಲವಲ್ಲ, ಆ ಸಂಕಟ ಮಾತ್ರ ಅವನಿಂದ ತಡೆಯಲಾಗಲಿಲ್ಲ.

"ಇದು ಅಂಟೋ ಕಾಯಿಲೆ ಅಲ್ಲ ಸಾರ್," ಎಂದು ಗೋಗರೆದ.

"ಹಾಗಂತ ಡಾಕ್ಟ್ರು ಹೇಳ್ಲಿ, ಆಮೇಲೆ ಒಳಗೆ ಬಾ," ಎಂದರು ಯಜಮಾನರು. ಸಾಕ್ಷಿಗಿರಲಿ ಎಂದು ಕಟಿಂಗ್ ಮಾಸ್ಟರನ್ನೂ ಜೊತೆಗೆ ಅಟ್ಟಿದರು.

"ಮೂಗಿಗೆ ಎಣ್ಣೆ ಬಿಟ್ಕೊಂಡು ಹೋಗಪ್ಪಾ, ಪಾಸಾಗ್ತೀಯ," ಎಂದಳು ಕಾಜಾ ಹಾಕುವ ಅಕ್ಕ. ಇವನೂ ಬಿಟ್ಟುಕೊಂಡ. ಆಸ್ಪತ್ರೆಯಲ್ಲಿ ನರ್ಸು ಬೈದುಕೊಳ್ಳುತ್ತಲೇ ಅದನ್ನೆಲ್ಲ ಒರೆಸಿ, ಒಂದು ಹೊಳ್ಳೆಗೆ ಸಣ್ಣ ಕೊಳವೆ ಸಿಕ್ಕಿಸಿದಳು.

"ಬಾಯಲ್ಲಿ ಒಂದೇ ಸಮ ಊದ್ತಾ ಇರಿ," ಎಂದರು ಡಾಕ್ಟರು. "ಎಲ್ಲರ ಮೂಗಲ್ಲೂ ಒಂದು ಗಾಳಿ ತಯಾರಾಗುತ್ತೆ. ನಿಮ್ಮಲ್ಲಿ ಎಷ್ಟಿದೆ ನೋಡೋಣ."

ಹುರುಪಿಗೆ ಮಾಸ್ಟರೂ ಪಕ್ಕದಲ್ಲಿ ಕೆನ್ನೆ ಉಬ್ಬಿಸಿ ಊದತೊಡಗಿದರು. ಕೆಮ್ಮಣ್ಣನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು. ಮತ್ತೆ ಮೊದಲಿಂದ ಶುರು. ಯಂತ್ರ ಕೊನೆಗೂ ತೋರಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ.

"ಯಂತ್ರ ಕೆಟ್ಟಿದೆ. ಎಲ್ಲಿ, ನನಗೆ ಹಾಕಿ!" ಎಂದು ಮಾಸ್ಟರು ಮೂಗೊಡ್ಡಿದರು. ಅವರದು ಎಲ್ಲಿಗೋ ಏರಿತು. ಪರೀಕ್ಷೆಗೆ ಕೂರದೆಯೇ ಮೊದಲ ರ‍್ಯಾಂಕು ಬಂದಂತೆ ಅವರು ಮೀಸೆ ತಿರುವಿದರು.

"ಈ ಗಾಳಿ ಇಷ್ಟು ಕಡಿಮೆ ಇದೆ ಅಂದ್ರೆ, ಕಫ ಗುಡಿಸಿ ಹಾಕೋ ಸಣ್ಣ ರೋಮಗಳು ನಿಮ್ಮಲ್ಲಿ ಸರಿಯಾಗಿ ಆಡ್ತಿಲ್ಲ ಅನ್ಸುತ್ತೆ," ಎಂದರು ಡಾಕ್ಟರು. "ಅಪರೂಪದ ಕಾಯಿಲೆ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದಿರೋದು. ಖಚಿತ ಮಾಡ್ಕೊಳ್ಳೋಕೆ ಇನ್ನೂ ಪರೀಕ್ಷೆ ಆಗ್ಬೇಕು."

"ಅಂದ್ರೆ ಯಾರಿಗೂ ಅಂಟಲ್ಲ?"

"ಈ ಕಾಯಿಲೆ ಅಂಟಲ್ಲ. ಆದ್ರೆ..."

ಕೆಮ್ಮಣ್ಣ ಆಗಲೇ ರಸ್ತೆಯಲ್ಲಿದ್ದ. ಕಾಯಿಲೆ ಇದೆ ಎಂದಾಗ ಇಷ್ಟು ಖುಷಿಪಟ್ಟ ರೋಗಿಯನ್ನು ಆ ಡಾಕ್ಟರು ಕಂಡಿರಲಿಲ್ಲ.

ಅವನು ಅಂಗಡಿಗೆ ಬಂದವನೇ ಮಿಷನ್ನನ್ನು ಫ್ಯಾನಿನ ಕೆಳಗೆ ಎಳೆದುಕೊಂಡ. ಯಜಮಾನರು ಬೆನ್ನು ತಟ್ಟಿದರು. "ಅಯ್ಯೋ ಪಾಪ, ಸುಮ್‌ಸುಮ್ನೆ ಆಚೆ ಕೂರಿಸಿದ್ವಲ್ಲಪ್ಪಾ," ಎಂದು ಕಾಜಾ ಅಕ್ಕ ಎರಡು ಸಲ ಸೀನಿ, ನಾದಿನಿಯ ಹೊಸ ಕನ್ನಡಕದ ಕತೆ ತೆಗೆದಳು. ಎಲ್ಲರೂ ನಗಲು ಬಾಯಿ ತೆರೆದಿದ್ದರು, ಅಷ್ಟರಲ್ಲಿ ಮಾಸ್ಟರು ಏದುಸಿರು ಬಿಡುತ್ತಾ ನುಗ್ಗಿದರು.

"ಪೂರ್ತಿ ಕೇಳ್ದೇ ಓಡ್ಬಂದ್ಯಲ್ಲೋ! ಇವನದು ನಮಗೆ ಅಂಟಲ್ಲ ಸಾರ್. ನಮ್ಮ ನೆಗಡಿ ಇವನಿಗೆ ಹತ್ತಿದ್ರೆ ಎದೆಗೇ ಇಳಿಯುತ್ತಂತೆ. ಸೀನೋರ ಹತ್ರ ಕೂರಿಸ್ಲೇಬೇಡಿ ಅಂದ್ರು!"

ಎಲ್ಲರೂ ಒಮ್ಮೆಲೇ ಮೇಲೆದ್ದರು. ಮಗುವನ್ನೆತ್ತುವ ಹಾಗೆ ಅಕ್ಕರೆಯಿಂದ ಮಿಷನ್ನನ್ನೆತ್ತಿ ಮತ್ತೆ ಮೆಟ್ಟಿಲ ಬಳಿ ಇಟ್ಟರು.

"ಅಕ್ಕಾ, ಕನ್ನಡಕ ಏನಾಯ್ತು?"

"ಮೊದಲು ನಿನ್ನ ಆರೋಗ್ಯ ನೋಡ್ಕೋಪ್ಪಾ," ಎಂದು ಅಕ್ಕ ಬಾಗಿಲು ಹಾಕಿಕೊಂಡಳು.

ಕೆಮ್ಮಣ್ಣ ಬಾಗಿಲಿಗೆ ಕಿವಿಗೊಟ್ಟ. ಆಮೇಲೆ ಒಳಗೆ ಎಲ್ಲರೂ ಗೊಳ್ಳೆಂದು ನಕ್ಕರು.