ಅಲಮಾರಿನ ಮೇಲಿನ ನವಿಲು

ನನ್ನ ನಾದಿನಿಯ ವ್ಯಾಪಾರದ ಹೆಡ್ಡಾಫೀಸು ನಮ್ಮ ಅಡುಗೆಮನೆಯ ಕಿಟಕಿ ಎಂದರೆ ನೀವು ನಂಬಲಿಕ್ಕಿಲ್ಲ. ಹೊಸೂರಿನ ಆಲಸನತ್ತಂಗೆ ಬಂದು ನೋಡಿ. ಸಿಂಕಿನ ಮೇಲಿನ ಸರಳುಗಳಿಗೆ ಕೆಂಪು, ಹಸಿರು, ಜರಿಯಂಚಿನ ರಿಬ್ಬನ್ನುಗಳನ್ನು ಕಟ್ಟಿರುತ್ತಾಳೆ. ಒಂದು ರಿಬ್ಬನ್ ಎಂದರೆ ಒಂದು ಆರ್ಡರು. ಕೆಲಸ ಮುಗಿದ ಮೇಲೆ ಬಿಚ್ಚುತ್ತಾಳೆ. ಪುಸ್ತಕದಲ್ಲಿ ಬರೆದುಕೊಳ್ಳಬಾರದೇ ಎಂದಿರಾ? ಬರೆದಿದ್ದಾಳೆ, ಒಂಬತ್ತು ಪುಸ್ತಕಗಳಲ್ಲಿ. ಆ ಪುಸ್ತಕಗಳು ಎಲ್ಲಿವೆ ಎಂಬುದನ್ನು ಮಾತ್ರ ಎಲ್ಲೂ ಬರೆದಿಲ್ಲ!

ಅವಳ ಕಸುಬು ತಟ್ಟೆ ಅಲಂಕಾರ. ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಹೊತ್ತು ಹೋಗುವ ಸೀರೆ, ಬಳೆ, ಹಣ್ಣು, ತಾಂಬೂಲದ ತಟ್ಟೆಗಳಿಗೆ ನಮ್ಮ ಹೊಸೂರಿನ ಕಡೆ ತಮಿಳಿನವರಂತೆ ಸೀರ್ ತಟ್ಟು ಅನ್ನುತ್ತೇವೆ. ಇವಳ ಕೈಗೆ ಸಿಕ್ಕ ಸೀರೆ ಹಂಸವಾಗುತ್ತದೆ, ವೀಳ್ಯದೆಲೆ ನವಿಲಾಗುತ್ತದೆ. ಒಣ ಖರ್ಜೂರ ಕೂಡ ಮದುಮಗಳ ಹಾಗೆ ನಾಚಿಕೊಂಡು ಕೂರುತ್ತದೆ.

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಡಾಕ್ಟರೊಬ್ಬರು ಅವಳಿಗೆ ಎಡಿಎಚ್‌ಡಿ ಇದೆ ಎಂದರು. ಗಮನ ಬೇಕಾದ ಕಡೆ ನಿಲ್ಲುವುದಿಲ್ಲ, ನಿಂತರೆ ಅಲ್ಲಿಂದ ಏಳುವುದಿಲ್ಲ. ಮನೆಗೆ ಬಂದವಳು ನನ್ನ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಾ, "ನಂದು ಸೋಮಾರಿತನ ಅಲ್ವಂತೆ ಅತ್ಗೆ," ಎಂದಳು. ಸಿಪ್ಪೆಯನ್ನು ಕಾಳಿನ ಬಟ್ಟಲಿಗೂ ಕಾಳನ್ನು ಸಿಪ್ಪೆಯ ಮೊರಕ್ಕೂ ಹಾಕುತ್ತಿದ್ದಳು. ಎರಡನ್ನೂ ನಾನು ಆಮೇಲೆ ಆರಿಸಿಕೊಂಡೆ.

ನಾನೋ ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಪಳಗಿದವಳು. ಕರವಸ್ತ್ರ ನಾಲ್ಕು ಮಡಿಕೆ, ಚಮಚ ಚಮಚದ ಜಾಗದಲ್ಲಿ. ಇವಳು ಅಂಟು ತರುತ್ತೇನೆಂದು ಬಜಾರಿಗೆ ಹೋದರೆ ಹನ್ನೆರಡು ಬಿದಿರು ಬುಟ್ಟಿ ಹೊತ್ತು ತರುತ್ತಾಳೆ. ಅಂಟು? ಅದಕ್ಕೆ ಮತ್ತೆ ನಾನೇ ಹೋಗಬೇಕು. ಆದರೆ ಆ ಬುಟ್ಟಿಗಳಲ್ಲಿ ಅವಳು ತಾಂಬೂಲ ಜೋಡಿಸಿದ್ದನ್ನು ಕಂಡವರು ಇನ್ನೂ ನೂರು ಬೇಕೆಂದರು, ಅದನ್ನೂ ಹೇಳಬೇಕಲ್ಲ!

ಒಮ್ಮೆ ಗುಮ್ಮಳಾಪುರದ ನಿಶ್ಚಿತಾರ್ಥಕ್ಕೆ ತಟ್ಟೆಗಳ ಸಮೇತ ಬೆಳಿಗ್ಗೆ ಏಳಕ್ಕೇ ಹಾಜರಾದಳು. ಅಲ್ಲಿ ಇನ್ನೂ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಕಾರ್ಯವಿದ್ದದ್ದು ಮರುದಿನ! ಪಾಪ, ಮನೆಯವರು ತಿಂಡಿ ಕೊಟ್ಟು ಕಳಿಸಿದರು. ಹೂವೆಲ್ಲ ಬಾಡಿದ್ದರಿಂದ ಹೊಸದಾಗಿ ಕಟ್ಟಿ, ಮರುದಿನ ಮತ್ತೆ ಹೋದಳು. ಒಂದು ದಿನ ತಡವಾಗಿ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಮ್ಮನ್ನೇ ಕೇಳಿದಳು.

ಎರಡು ದಿನವೂ ವ್ಯಾನು ಓಡಿಸಿದ್ದ ಅವಳಣ್ಣನಿಗೆ, ಅಂದರೆ ನಮ್ಮ ಯಜಮಾನರಿಗೆ, ನಗು ಬರಲಿಲ್ಲ. ನಮ್ಮ ಮಹಡಿಯ ಕೋಣೆಯೇ ಅವಳ ಕಾರ್ಖಾನೆ. "ಇನ್ನೊಂದೇ ಒಂದು ಎಡವಟ್ಟು ಆಗ್ಲಿ, ರೂಮು ಬಾಡಿಗೆಗೆ ಕೊಟ್ಬುಡ್ತೀನಿ," ಎಂದರು. ಅವಳು ತಲೆಯಾಡಿಸಿದಳು. ಅದೇ ವಾರ ಸೂಳಗಿರಿಯ ಗಂಡಿನ ಮನೆಯವರು ಇಪ್ಪತ್ತೊಂದು ತಟ್ಟೆ ಹೇಳಿದರು. ಅಷ್ಟು ದೊಡ್ಡ ಆರ್ಡರು ಅದೇ ಮೊದಲು. ಕಿಟಕಿಗೆ ನೇರಳೆ ರಿಬ್ಬನ್ ಬಿತ್ತು.

ಈ ತಟ್ಟೆಗಳು ಬೆಸಸಂಖ್ಯೆಯಲ್ಲೇ ಇರಬೇಕು. ಹನ್ನೊಂದು, ಹದಿನೈದು, ಇಪ್ಪತ್ತೊಂದು. ಸರಿಸಂಖ್ಯೆಯಾದರೆ ಹಿರಿಯರು ಹೊಸಿಲು ದಾಟಗೊಡುವುದಿಲ್ಲ. ಸೂಳಗಿರಿಯ ಅಂಗಳದಲ್ಲಿ ಇಳಿಸಿದ ತಟ್ಟೆಗಳನ್ನು ಹುಡುಗನ ಅಜ್ಜಿ ಬೆರಳು ಮಡಿಸಿ ಎಣಿಸಿದರು. ಇಪ್ಪತ್ತು. ಮತ್ತೊಮ್ಮೆ ಎಣಿಸಿದರು. ಇಪ್ಪತ್ತೇ. ಹೆಣ್ಣಿನ ಮನೆಗೆ ಹೊರಡಲು ಇನ್ನು ಅರ್ಧ ಗಂಟೆ.

"ಮರ್ತ್ಬುಟ್ಯಾ?" ಎಂದರು ಯಜಮಾನರು, ತಂಗಿಗೆ.

ಜೊತೆಗೆ ಹೋಗಿದ್ದ ನನಗೆ ಆಗ ನೆನಪಾಯಿತು. ವೀಳ್ಯದೆಲೆಯ ನವಿಲು! ನೀರು ಚಿಮುಕಿಸಲೆಂದು ಅವಳು ಅದನ್ನು ಅಡುಗೆಮನೆಗೆ ತಂದಿದ್ದಳು. ಒಗ್ಗರಣೆಯ ಎಣ್ಣೆ ಸಿಡಿದೀತೆಂದು ಎತ್ತಿ, ಒದ್ದೆ ಬಿಳಿ ಬಟ್ಟೆ ಮುಚ್ಚಿ, ಅಲಮಾರಿನ ಮೇಲೆ ಓರಣವಾಗಿ ಇಟ್ಟವಳು ನಾನು. ವ್ಯಾನಿಗೆ ಇಡುತ್ತೇನೆ ಎಂದವಳೂ ನಾನೇ. ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಮುಖ ನೋಡಿದಳು. ಎದುರಿಗಿದ್ದ ಕತ್ತರಿ ಕಾಣದ ಕಣ್ಣಿಗೆ ಅದು ಹೇಗೆ ಕಂಡಿತೋ!

"ಹೂಂ ಕಣಣ್ಣ. ನಾನೇ ಮರ್ತ್ಬುಟ್ಟೆ."

ಅಷ್ಟು ಹೇಳಿ ಕೆಲಸಕ್ಕೆ ಕೂತಳು. ಅಜ್ಜಿಯ ಎಲೆಯಡಿಕೆ ಚೀಲದಲ್ಲಿದ್ದ ಎಲೆಗಳು ರೆಕ್ಕೆಯಾದವು, ಹಿತ್ತಲಿನ ಬಾಳೆಮೂತಿ ಒಡಲಾಯಿತು, ಪಾತಿಯಲ್ಲಿದ್ದ ಕೊತ್ತಂಬರಿ ಸೊಪ್ಪು ಸಾಲುಸಾಲಾಗಿ ಗರಿ ಬಿಚ್ಚಿತು. ಅಣ್ಣ ಮೂರು ಸಲ ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಜಗತ್ತಿನಲ್ಲಿ ಅವಳು ಮತ್ತು ಆ ನವಿಲು, ಇಬ್ಬರೇ. ಇಪ್ಪತ್ತು ನಿಮಿಷಕ್ಕೆ ಹಕ್ಕಿ ತಲೆಯೆತ್ತಿ ಕೂತಿತ್ತು. ನಮ್ಮ ಅಲಮಾರಿನ ಮೇಲಿದ್ದುದಕ್ಕಿಂತ ಚೆಂದ!

ಅಜ್ಜಿ ಅದರ ಸುತ್ತ ಒಂದು ಸುತ್ತು ಬಂದು, "ಈ ನವ್ಲು ನಾನೇ ಹೊತ್ಕೊಂಡೋಗ್ತೀನಿ. ಯಾರೂ ಮುಟ್ಬೇಡಿ," ಎಂದರು. ನನಗೆ ಎದೆಯುಬ್ಬಿ ಸೆರಗು ಸರಿಮಾಡಿಕೊಳ್ಳಬೇಕಾಯಿತು. ವಾಪಸು ಬರುವಾಗ ಯಜಮಾನರು ಬಜಾರಿನಲ್ಲಿ ವ್ಯಾನು ನಿಲ್ಲಿಸಿ, ಒಂದು ಸುರುಳಿ ರಿಬ್ಬನ್ ತಂದು ತಂಗಿಯ ಮಡಿಲಿಗೆ ಹಾಕಿದರು.

ಮನೆಯಲ್ಲಿ ಅವಳು ನೇರಳೆ ರಿಬ್ಬನ್ ಬಿಚ್ಚುತ್ತಿದ್ದಾಗ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ನಾನ್ ಮರ್ತೆ ಅಂದ್ರೆ ಒಂದ್ಸಲ ಬೈದು ಸುಮ್ನಾಗ್ತಾರೆ. ನೀವ್ ಮರ್ತ್ರಿ ಅಂದ್ರೆ, ಅತ್ಗೆ, ನಿಮ್ಮನ್ನ ನೀವೇ ಬಿಡಲ್ಲ."

"ರೂಮು ಹೋಗಿದ್ರೆ?"

ಗಂಟು ಬಿಚ್ಚುತ್ತಿದ್ದ ಬೆರಳು ನಿಂತಿತು. "ಅದು ಮರ್ತೇ ಹೋಗಿತ್ತು," ಎಂದಳು.

ನಮ್ಮ ಯಜಮಾನರು ನಾನು ಬರೆದದ್ದನ್ನೆಲ್ಲ ಓದುತ್ತಾರೆ. ಓದಲಿ ಎಂದೇ ಇದನ್ನು ಬರೆದೆ. ರೀ, ಆ ನವಿಲನ್ನು ಮರೆತವಳು ನಾನು.