ಪೀಪಾಯಿ ಪಾಂಡಿತ್ಯ

ಗ್ರಂಥಪಾಲಕರ ಕೊರಗು ಒಂದೇ: ಹೊರಗೆ ಎಷ್ಟು ಮರ್ಯಾದೆಯಿದ್ದರೂ ಮನೆಯಲ್ಲಿ ತಮ್ಮ ವಿದ್ವತ್ತಿಗೆ ಕಾಸಿನ ಕಿಮ್ಮತ್ತಿಲ್ಲ. ಟಕೀಲಾ ಎಂಬ ವಿದೇಶಿ ಮದ್ಯದ ಬಗ್ಗೆ ಅವರು ಹನ್ನೊಂದು ಪುಸ್ತಕ ಓದಿದ್ದರು. (ಕುಡಿದದ್ದು ಒಂದೇ ಸಲ, ಅದೂ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ, ಹಣ್ಣಿನ ರಸವೆಂದು ತಿಳಿದು.) ಕತ್ತಾಳೆ ಜಾತಿಯ ಗಿಡದ ಗಡ್ಡೆಯನ್ನು ಬೇಯಿಸಿ, ಹಿಂಡಿ, ಹುಳಿ ಬರಿಸಿ, ಭಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸುವ ಮಹತ್ಕಾರ್ಯವನ್ನು ಊಟಕ್ಕೆ ಕೂತಾಗಲೆಲ್ಲ ವರ್ಣಿಸುತ್ತಿದ್ದರು. ಬೀದಿಯ ತುದಿಯಲ್ಲಿ ಲಾಂಡ್ರಿ ನಡೆಸುವ ಹೆಂಡತಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಅಷ್ಟು ವರ್ಷ ಮಲಗಿದ್ರೂ ಅದಕ್ಕೆ ಅಮಲು ಇಳಿಯಲ್ವಾ?" ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಹೀಗಿರುವಾಗ, ಹಡಗಿನಲ್ಲಿ ಇಂಜಿನಿಯರಾಗಿ ನಿವೃತ್ತರಾಗಿದ್ದ ಆಕೆಯ ಅಣ್ಣ ಮೂರು ಬಾಟಲಿ ಟಕೀಲಾ ಹೊತ್ತುಕೊಂಡು ಬಂದಿಳಿದರು. ಒಂದು ಬಾಟಲಿಯದು ಪೀಪಾಯಿಯಲ್ಲಿ ಆರು ತಿಂಗಳು ಕಳೆದದ್ದು, ಇನ್ನೊಂದು ಎರಡು ವರ್ಷ, ಮತ್ತೊಂದು ಐದು ವರ್ಷ.

"ಪಂಡಿತರೇ, ಭಾನುವಾರ ಮಧ್ಯಾಹ್ನ ಪರೀಕ್ಷೆ," ಎಂದರು ಅಣ್ಣ. "ಯಾವ ಗ್ಲಾಸಲ್ಲಿ ಯಾವುದಿದೆ ಅಂತ ಸರಿಯಾಗಿ ಹೇಳಿದೋರಿಗೆ ಐದು ವರ್ಷದ ಬಾಟಲಿ."

ಗ್ರಂಥಪಾಲಕರು ಆ ವಾರವೆಲ್ಲ ಬೆಳ್ಳುಳ್ಳಿ ಮುಟ್ಟಲಿಲ್ಲ. ನಾಲಿಗೆಯ ಪಾವಿತ್ರ್ಯ ಕೆಡಬಾರದೆಂದು ಸಪ್ಪೆ ಗಂಜಿ ಕುಡಿದರು.

ಭಾನುವಾರ ಎರಡನೆಯ ಪರೀಕ್ಷಾರ್ಥಿಯಾಗಿ ಬರಬೇಕಿದ್ದ ಮಹಡಿಯ ದಂತವೈದ್ಯರಿಗೆ ನೆಗಡಿ. ಮೂಗು ಕಟ್ಟಿದೆ, ಬಾಯಿ ಕಟ್ಟಿಲ್ಲ ಎಂದು ಹುರಿದ ಕಡಲೆಕಾಯಿಯ ಮುಂದೆ ಪ್ರೇಕ್ಷಕರಾಗಿ ಕೂತರು. ಖಾಲಿಯಾದ ಕುರ್ಚಿಗೆ ಅಣ್ಣ ತಂಗಿಯನ್ನು ಎಳೆದು ಕೂರಿಸಿದರು.

"ಬಿಡೋ ಅಣ್ಣ, ಹತ್ತು ಕೋಟು ಬಾಕಿ ಬಿದ್ದಿವೆ."

"ಮೂಸಿ ನೋಡಿದ್ರೆ ಸಾಕು, ಕುಡೀಬೇಡ."

"ಅವಳು ಕೂರಲಿ ಬಿಡಿ," ಎಂದರು ಗ್ರಂಥಪಾಲಕರು ಔದಾರ್ಯದಿಂದ. "ಸೋಲೋದಕ್ಕೂ ಒಬ್ಬರು ಬೇಕಲ್ಲ."

ಬಣ್ಣ ನೋಡಿ ವಯಸ್ಸು ಹೇಳಬಾರದೆಂದು ಅಣ್ಣ ಕಡುನೀಲಿ ಗ್ಲಾಸುಗಳನ್ನು ಇಟ್ಟಿದ್ದರು. ಬಾಟಲಿ ಮೂರು, ಗ್ಲಾಸು ನಾಲ್ಕು. ಯಾಕೆಂದು ಹೇಳಲಿಲ್ಲ. ಪ್ರತಿ ಗ್ಲಾಸಿಗೊಂದು ನಂಬರು ಅಂಟಿಸಿ, ಉತ್ತರದ ಚೀಟಿಯನ್ನು ಜೇಬಿಗೆ ಹಾಕಿಕೊಂಡರು.

ಗ್ರಂಥಪಾಲಕರು ಗ್ಲಾಸನ್ನು ತಿರುಗಿಸಿದರು, ಕಣ್ಣು ಮುಚ್ಚಿದರು, ಗುಟುಕನ್ನು ಬಾಯಲ್ಲಿ ಬಲಕ್ಕೆ ಎಡಕ್ಕೆ ಓಡಾಡಿಸಿದರು. ಒಂದನೆಯದನ್ನು "ಪರವಾಗಿಲ್ಲ, ನಡುವಯಸ್ಸು" ಎಂದು ಪಾಸು ಮಾಡಿದರು. ಎರಡನೆಯದಕ್ಕೆ ಬಂದಾಗ ಧ್ವನಿಯೇ ಗದ್ಗದವಾಯಿತು.

"ಆಹಾ! ಹಳೇ ಚರ್ಮದ ಬೈಂಡು, ಗಂಭೀರ, ಪ್ರಶಾಂತ! ಇದೇ ಐದು ವರ್ಷದ್ದು. ಇದು ಋಷಿ ಕಣ್ರೀ, ಋಷಿ!"

ಮೂರನೆಯದು ಅವರ ಪ್ರಕಾರ ಅಂಗಡಿಯ ಅಗ್ಗದ ಸರಕು, ತಮ್ಮನ್ನು ಬೀಳಿಸಲು ಬೆರೆಸಿಟ್ಟದ್ದು. ನಾಲ್ಕನೆಯದನ್ನು ನಾಲಿಗೆಗೆ ಇಟ್ಟವರೇ ಮುಖ ಸಿಂಡರಿಸಿದರು. "ಛೆ, ಛೆ. ಆರು ತಿಂಗಳಿನ ಎಳಸು. ಇನ್ನೂ ಹಾಲುಹಲ್ಲು ಬಿದ್ದಿಲ್ಲ."

"ಆರು ತಿಂಗಳಿಗೆ ಹಾಲುಹಲ್ಲು ಹುಟ್ಟೋದು, ಬೀಳೋದಲ್ಲ," ಎಂದು ದಂತವೈದ್ಯರು ಮೂಗು ಒರೆಸಿಕೊಂಡರು.

ಈಗ ಹೆಂಡತಿಯ ಸರದಿ. ಗಿರಾಕಿಗಳ ಕೊರಳಪಟ್ಟಿ ಮೂಸಿ ಇದು ಎಣ್ಣೆ, ಇದು ಶಾಯಿ, ಇದು ಸುಳ್ಳು ಎಂದು ವಿಂಗಡಿಸುವ ಮೂಗು ಅದು. ನಾಲ್ಕೂ ಗ್ಲಾಸುಗಳನ್ನು ಅರ್ಧ ನಿಮಿಷದಲ್ಲಿ ಮುಗಿಸಿತು.

"ಒಂದನೇದು ಎಲ್ಲಕ್ಕಿಂತ ಹಳೇದು. ಸುಟ್ಟ ಸಕ್ಕರೆ, ಮರದ ಬೀರುವಲ್ಲಿ ವರ್ಷಗಟ್ಟಲೆ ನೇತುಹಾಕಿದ ಉಣ್ಣೆ ಕೋಟು. ಮೂರನೇದು ಎರಡು ವರ್ಷದ್ದು. ಎರಡು, ನಾಲ್ಕು ಎರಡೂ ಒಂದೇ. ಹಸಿ ಸೊಪ್ಪು, ಮೆಣಸು. ಆರು ತಿಂಗಳದ್ದು."

"ಒಂದೇನಾ?" ಗ್ರಂಥಪಾಲಕರು ಕುರ್ಚಿಯಿಂದ ಎದ್ದರು. "ಎರಡನೇದು ಋಷಿ ಕಣೇ! ನಾಲ್ಕನೇದು ಮಗು!"

"ಆಗಲಿ ರೀ. ಋಷಿನೂ ಮಗುನೂ ಒಂದೇ ಬಾಟಲಿಯವರು."

ಅಣ್ಣ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟರು. ದಂತವೈದ್ಯರು ಅದನ್ನು ಓದಿ ಎದ್ದು ನಿಂತು ಗ್ರಂಥಪಾಲಕರ ಹೆಂಡತಿಗೆ ಕೈ ಮುಗಿದರು. ಗ್ರಂಥಪಾಲಕರು ಮೂರು ಸಲ ಓದಿ, ಅಚ್ಚಿನ ದೋಷವಿರಬಹುದೇ ಎಂದು ಚೀಟಿಯ ಹಿಂಬದಿಯನ್ನೂ ನೋಡಿದರು.

ಬಹುಮಾನದ ಬಾಟಲಿ ಹೆಂಡತಿಯ ಬೀರುವಿನ ಮೇಲಟ್ಟವನ್ನು ಅಲಂಕರಿಸಿತು. ಎರಡು ದಿನ ಗ್ರಂಥಪಾಲಕರು ಆ ಕೋಣೆಯತ್ತ ತಲೆ ಹಾಕಲಿಲ್ಲ. ಮಂಗಳವಾರ ಸಂಜೆ ಹೆಂಡತಿ ಇನ್ನೂ ಲಾಂಡ್ರಿಯಲ್ಲಿದ್ದಾಗ ಮನಸ್ಸು ತಡೆಯದೆ, ಸ್ಟೂಲು ಹತ್ತಿ, ನಿಂತಲ್ಲೇ ಎರಡು ಗುಟುಕು ಕುಡಿದರು. ಆಮೇಲೆ ಎರಡು ಸಲ ಹಲ್ಲುಜ್ಜಿ, ಕಿಟಕಿಗಳನ್ನೆಲ್ಲ ತೆರೆದು, ಪತ್ರಿಕೆ ಹಿಡಿದು ಸಜ್ಜನರಂತೆ ಕೂತರು.

ಹೆಂಡತಿ ಬಂದಳು. ಚಪ್ಪಲಿ ಬಿಟ್ಟಳು. ಹೊಸ್ತಿಲಲ್ಲೇ ನಿಂತಳು.

"ಐದು ವರ್ಷದ್ದು. ಎರಡು ಗುಟುಕು. ಮೇಲೆ ಪೇಸ್ಟು."

ಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು.

"ಹೇಗಿತ್ತು?" ಎಂದಳು ಆಕೆ.

ಅವರು ಹನ್ನೊಂದು ಪುಸ್ತಕಗಳನ್ನೂ ಮನಸ್ಸಿನಲ್ಲೇ ತಡಕಾಡಿದರು. ಒಂದು ವಾಕ್ಯವೂ ಕೈಗೆ ಸಿಗಲಿಲ್ಲ.

"ಚೆನ್ನಾಗಿತ್ತು."

"ನೋಡಿ," ಎನ್ನುತ್ತ ಆಕೆ ಬೀರುವಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, "ಭಾನುವಾರ ಇಷ್ಟೇ ಹೇಳಿದ್ರೆ ಮರ್ಯಾದೆ ಉಳೀತಿತ್ತು."